ತಟ್ಟೆಕುಂಟೆಗೆ ಬೇಕಾದ ಭಾರ

ಓಬಳೇಶ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಎದೆಯ ಎತ್ತರದಿಂದ ಕೆಳಗೆ ಬಿಟ್ಟ. ಉಂಡೆ ಮೂರು ತುಂಡಾಯಿತು. ನಿನ್ನೆ ಬೆಳಿಗ್ಗೆ ಇದೇ ಜಾಗದ ಮಣ್ಣು ಇದೇ ಎತ್ತರದಿಂದ ಬಿದ್ದು ಒಂದಿಷ್ಟು ಚಪ್ಪಟೆಯಾದರೂ ಇಡಿಯಾಗಿಯೇ ಉಳಿದಿತ್ತು. ಒಂದೇ ಸಲ ಮಾಡಿದ ಪ್ರಯೋಗವನ್ನು ನಂಬಬಾರದೆಂದು ಹೊಳಲ್ಕೆರೆಯ ಕಾಲೇಜಿನ ಲ್ಯಾಬಿನಲ್ಲಿ ಪಿಯುಸಿ ಮಕ್ಕಳಿಗೆ ವಾರಕ್ಕೆರಡು ಬಾರಿ ಹೇಳುವವನು ಅವನು. ಆದ್ದರಿಂದ ಇನ್ನೊಂದು ಹಿಡಿ ತೆಗೆದ, ಮತ್ತೊಂದು ತೆಗೆದ. ನಾಲ್ಕು ತುಂಡು, ಮೂರು ತುಂಡು, ಕೊನೆಯದು ಬರೀ ಪುಡಿ. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತ ಅಕ್ಕ ತಿಪ್ಪಮ್ಮ ಅವನನ್ನೇ ನೋಡುತ್ತಿದ್ದಳು. ಅವಳು ಮಣ್ಣು ಮುಟ್ಟಿರಲಿಲ್ಲ. ಬರಿಗಾಲಲ್ಲಿ ಹೊಲಕ್ಕೆ ಇಳಿದಾಗಲೇ ಅವಳ ಅಂಗಾಲಿಗೆ ತಿಳಿದುಹೋಗಿತ್ತು. “ಇವತ್ತೊಂದಿನ ಐತೆ,” ಅಂದಳು. “ನಾಳೆ ಬಿಸ್ಲೇರೋ ಹೊತ್ಗೆ ಹದ ಹೋತು.” ಅದನ್ನು ದೂರಿನಂತೆ ಹೇಳಲಿಲ್ಲ, ಬಸ್ಸಿನ ವೇಳೆ ಹೇಳಿದಂತೆ ಹೇಳಿದಳು. ದೂರಿದ್ದರೆ ಅವನು ಏನಾದರೂ ಎದುರು ಹೇಳಬಹುದಿತ್ತು. ಮೃಗಶಿರದ ಮಳೆ ಬಿದ್ದು ಎಂಟು ದಿನವಾಗಿತ್ತು. ಸುತ್ತಲಿನ ಹೊಲಗಳೆಲ್ಲ ಹೊಸದಾಗಿ ಬಾಚಿದ ತಲೆಗಳಂತೆ ಗೆರೆಗೆರೆಯಾಗಿದ್ದವು. ಅಕ್ಕನ ಮೂರು ಎಕರೆ ಮಾತ್ರ ಕಳೆದ ವರ್ಷ ಕೊಯ್ದುಳಿದ ಕೂಳೆ ಹೊತ್ತುಕೊಂಡು ಬಿದ್ದಿತ್ತು. ಇವತ್ತು ಸಂಜೆಯೊಳಗೆ ಅದು ಬಾಯಿ ಬಿಡದಿದ್ದರೆ ಬಿತ್ತನೆಯಿಲ್ಲ. ಬಿತ್ತನೆಯಿಲ್ಲದಿದ್ದರೆ ವರ್ಷಪೂರ್ತಿ ಅಕ್ಕ ಏನು ಉಣ್ಣುತ್ತಾಳೆಂದು ಯೋಚಿಸುವ ಮುಂಚೆ, ಅವಳು ಯಾರ ಮನೆಯ ಜಗಲಿಯ ಮೇಲೆ ಮೊರ ಹಿಡಿದು ನಿಲ್ಲುತ್ತಾಳೆ ಎಂಬ ಚಿತ್ರವೇ ಅವನ ಕಣ್ಣಿಗೆ ಬರುತ್ತಿತ್ತು. ಆ ಚಿತ್ರದಲ್ಲಿ ಜನ ಅವಳನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದರು.

ಪಕ್ಕದ ಹೊಲದಲ್ಲಿ ಮುದ್ದಪ್ಪನ ಎತ್ತುಗಳ ಗಂಟೆ ಕೇಳುತ್ತಿತ್ತು. ಮೂರು ತಿಂಗಳ ಹಿಂದಿನವರೆಗೆ ಆ ಎತ್ತುಗಳು ತಿಪ್ಪಮ್ಮನವು. ಕೆಂದ, ಮಾಸ. ಓಬಳೇಶ ಬೇಡವೆಂದರೂ ಅವನ ಕಿವಿ ಎರಡು ಗಂಟೆಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಿತ್ತು. ಮಾಸನದು ಸ್ವಲ್ಪ ಒಡಕು. ‘ಅಕ್ಕ, ವರ್ಷದಾಗೆ ಮೂವತ್ತು ದಿನ ದುಡಿಯೋ ಪ್ರಾಣಿಗೆ ಮುನ್ನೂರರವತ್ತೈದು ದಿನ ಮೇವು ಹಾಕ್ತಿದೀಯ. ನನ್ ಜೀಪು ನಿಂತಾಗ ಏನೂ ತಿನ್ನಲ್ಲ.’ ಆ ಮಾತು ಹೇಳಿದ ದಿನ ಅದರ ಚೆಲುವಿಗೆ ಅವನೇ ಮರುಳಾಗಿದ್ದ, ಸ್ಟಾಫ್ ರೂಮಿನಲ್ಲೂ ಒಮ್ಮೆ ಹೇಳಿದ್ದ. ಅಕ್ಕ ಮೂರನೆಯ ದಿನ ಎತ್ತುಗಳ ಹಣೆಗೆ ಕುಂಕುಮವಿಟ್ಟು ಹಗ್ಗವನ್ನು ಮುದ್ದಪ್ಪನ ಕೈಗೆ ಕೊಟ್ಟಿದ್ದಳು. ಲೆಕ್ಕದಲ್ಲಿ ಅವನು ಬಿಟ್ಟಿದ್ದು ಮುಯ್ಯಿಯನ್ನು. ಮುದ್ದಪ್ಪ, ಬೋರಣ್ಣ, ಸಣ್ಣತಿಮ್ಮಪ್ಪ, ತಿಪ್ಪಮ್ಮ: ನಾಲ್ಕು ಮನೆಯ ಎತ್ತುಗಳು ಸರದಿಯ ಮೇಲೆ ನಾಲ್ಕೂ ಮನೆಯ ಹೊಲಕ್ಕೆ ಇಳಿಯುತ್ತಿದ್ದವು. ಇವತ್ತು ನಿನ್ನದು ನನ್ನ ಹೊಲಕ್ಕೆ, ನಾಳೆ ನನ್ನದು ನಿನ್ನ ಹೊಲಕ್ಕೆ. ಗಂಡಸಿಲ್ಲದ ತಿಪ್ಪಮ್ಮನ ಹೊಲಕ್ಕೆ ಎತ್ತಿನ ಜೊತೆ ನೇಗಿಲಿನ ಮೇಳಿ ಹಿಡಿಯುವ ಕೈಯೂ ಬರುತ್ತಿತ್ತು, ಯಾಕೆಂದರೆ ಅವಳ ಕೊಟ್ಟಿಗೆಯಲ್ಲಿ ತಿರುಗಿ ಕೊಡಲು ಒಂದು ಜೋಡಿ ಇತ್ತು. ಎತ್ತೆಂದರೆ ಇಷ್ಟು ಎಳೆಯುವ ಬಲ ಎಂದಷ್ಟೇ ಅವನು ಬರೆದುಕೊಂಡಿದ್ದ. ಈಗ ನಾಲ್ಕು ಮನೆಯ ಮುಯ್ಯಿ ಮೂರಾಗಿತ್ತು. ಯಾರೂ ಜಗಳವಾಡಿರಲಿಲ್ಲ, ಯಾರೂ ಬಾಗಿಲು ಹಾಕಿರಲಿಲ್ಲ. ಸುಮ್ಮನೆ ಅವಳ ಸರದಿ ಅನ್ನುವುದೇ ಇಲ್ಲವಾಗಿತ್ತು.

ತಟ್ಟೆಕುಂಟೆ ಜೀಪಿನ ಹಿಂದೆ ಬಿಸಿಲಿಗೆ ಮಿನುಗುತ್ತ ನಿಂತಿತ್ತು. ಗಣಿಯವರು ಬಿಸಾಡಿದ ಹಳೆಯ ಜೀಪು. ದುರ್ಗದ ಗುಜರಿಯಲ್ಲಿ ಒಂದೊಂದಾಗಿ ಆರಿಸಿದ ಎಂಟು ಸವೆದ ತಟ್ಟೆಗಳು, ನಡುವೆ ಗುಳಿಬಿದ್ದು ಅಂಚು ಹರಿತವಾಗಿದ್ದವು, ನಿಜಕ್ಕೂ ಊಟದ ತಟ್ಟೆಯ ಹಾಗೇ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಎರಡು ಅಚ್ಚುಗಳ ಮೇಲೆ ಪೋಣಿಸಿ, ನಡುನಡುವೆ ಪೈಪಿನ ತುಂಡು ಕೊಟ್ಟು, ಮೇಲೊಂದು ಕಬ್ಬಿಣದ ಆಂಗ್ಲಿನ ಚೌಕಟ್ಟು. ಟ್ರ್ಯಾಕ್ಟರಿಗೆ ಇರುವುದನ್ನು ಜೀಪಿಗೆ ಕುಗ್ಗಿಸಿದ್ದು, ಅಷ್ಟೇ ಎಂದು ಅವನು ಹೇಳುತ್ತಿದ್ದ. ಶಿವಮೊಗ್ಗ ರಸ್ತೆಯ ವೆಲ್ಡಿಂಗ್ ಅಂಗಡಿಯ ಜಯಕುಮಾರ್ ಅವನ ನಕ್ಷೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಸಾ, ಇಲ್ಲಿ ಎಡ ಅಂತ ಬರ್ದೀರಲ್ಲ, ಯಾರ್ ಎಡ?” ಎಂದು ಕೇಳಿದ್ದ. “ಎಡ ಅಂದ್ರೆ ಎಡ ಕಣಯ್ಯ.” “ಹಂಗಲ್ಲ ಸಾ. ಎದ್ರಿಗೆ ನಿಂತು ನೋಡೋರ್ ಎಡನೋ, ಹಿಂದ್ಗಡೆ ನಡ್ಯೋರ್ ಎಡನೋ? ನಮ್ ಕಡೆ ಎಡಗೋಲು ಎತ್ತು ಅಂದ್ರೆ ಹಿಂದ್ಲಿಂದ ನೋಡಿದ್ದು.” “ನಕ್ಷೆನ ಯಾವಾಗ್ಲೂ ಎದ್ರಿಂದ ಬರೀತಾರೆ, ನಿಂಗೆ ಗೊತ್ತಾಗಲ್ಲ. ಬರ್ದಂಗೆ ಮಾಡು.” ನಕ್ಷೆಗಳನ್ನು ಎದುರಿನಿಂದ ಬರೆಯುತ್ತಾರೆ ಎಂಬುದು ನಿಜ. ಈ ನಕ್ಷೆಯನ್ನು ಮಾತ್ರ ಅವನು ಕುಂಟೆಯ ಹಿಂದೆ ನಡೆಯುವವನ ಹಾಗೆ ಊಹಿಸಿಕೊಂಡು ಬರೆದಿದ್ದ. ಅದು ಅವನಿಗೆ ಹೊಳೆದದ್ದು ಎರಡೂ ಅಚ್ಚು ಬೆಸುಗೆಯಾಗಿ, ತಟ್ಟೆಗಳ ಗುಳಿಗಳೆಲ್ಲ ತಿರುಗಾಮುರುಗಾ ಕೂತ ಮೇಲೆ. ಬಿಚ್ಚಿ, ಕತ್ತರಿಸಿ, ಮತ್ತೆ ಬೆಸೆಯುವುದಕ್ಕೆ ಮೂರು ದಿನ. ಹದದ ಎಂಟು ದಿನಗಳಲ್ಲಿ ಮೂರು ದಿನ. ಜಯಕುಮಾರ್ ಕನ್ನಡಕ ಇಳಿಸಿಕೊಂಡು ಕತ್ತರಿಸತೊಡಗಿದ್ದ. ಅವನ ತುಟಿಯ ಅಂಚಿನಲ್ಲಿದ್ದದ್ದು ನಗುವೋ, ಕಿಡಿಯ ಬಿಸಿಗೆ ಬಂದ ಸೊಟ್ಟವೋ ಓಬಳೇಶನಿಗೆ ಇಂದಿಗೂ ನಿರ್ಧಾರವಾಗಿಲ್ಲ. ಅಕ್ಕನಿಗೆ ಅವನು ಹೇಳಿದ್ದು, ಕರೆಂಟು ಇರಲಿಲ್ಲ ಎಂದು.

ಬೆಳಿಗ್ಗೆ ಏಳಕ್ಕೆ ಮೊದಲ ಸುತ್ತು ಹೊಡೆದಾಗಲೇ ಗೊತ್ತಾಗಿತ್ತು. ತಟ್ಟೆಗಳು ನೆಲ ಕಡಿಯಲಿಲ್ಲ. ಮೇಲೆ ಮೇಲೆ ಉರುಳಿಕೊಂಡು, ಕೂಳೆಗಳನ್ನು ಬಾಗಿಸಿ, ಬಳೆ ಜಾರಿದಂಥ ಎಂಟು ಗೀರುಗಳನ್ನು ಎಳೆದು ಬಂದಿದ್ದವು. ಹರಿತ ಸಾಲದೆಂದಲ್ಲ, ಭಾರ ಸಾಲದು. ಟ್ರ್ಯಾಕ್ಟರಿನದನ್ನು ಕುಗ್ಗಿಸುವಾಗ ಅವನು ಉದ್ದ ಕುಗ್ಗಿಸಿದ್ದ, ಅಗಲ ಕುಗ್ಗಿಸಿದ್ದ; ಎಲ್ಲ ಅಳತೆಯನ್ನೂ ಅರ್ಧ ಮಾಡಿದರೆ ತೂಕ ಎಂಟರಲ್ಲೊಂದು ಪಾಲಾಗುತ್ತದೆ ಎಂಬುದನ್ನು, ಹತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದನ್ನು, ತನ್ನ ನಕ್ಷೆಯ ಮೇಲೆ ನೆನಪಿಸಿಕೊಂಡಿರಲಿಲ್ಲ. ಮಣ್ಣಿಗಂತೂ ಕುಗ್ಗುವ ಗೊಡವೆಯಿಲ್ಲ. ಬದುವಿನ ಆಚೆ ಮುದ್ದಪ್ಪ ಎತ್ತು ನಿಲ್ಲಿಸಿ ಬೀಡಿ ಹಚ್ಚಿದ. “ಏನ್ ಮೇಷ್ಟ್ರೇ, ಎಂಟೆಂಟು ತಟ್ಟೆ ಹಾಕೀರಿ, ಊಟಕ್ಕೆ ಯಾರ್ಯಾರ್ನ ಕರ್ದೀರಿ?” ಓಬಳೇಶ ನಕ್ಕ. ನಗಬೇಕಾಗಿತ್ತು. “ನೀವೇ ಬರ್ರಿ ಮುದ್ದಪ್ಪಣ್ಣ.” “ಬತ್ತಿನಿ, ಅದ್ಕೇನು. ಬಡ್ಸಾಕೆ ಏನಾರ ಐತೋ, ಬರೀ ತಟ್ಟೆನೋ?” ತಿಪ್ಪಮ್ಮ ಬದುವಿನಿಂದಲೇ ಗದರಿದಳು: “ನಿನ್ ಸಾಲು ನೋಡ್ಕ ಮುದ್ದಪ್ಪ, ಮಾಸ ಬಲಕ್ಕೆ ಎಳೀತಾನೆ. ಬಾಲ ಮುರಿಬ್ಯಾಡ, ಬಾಯಾಗೆ ಹೇಳಿದ್ರೆ ಕೇಳ್ತಾನೆ ಅವ್ನು.” ಮುದ್ದಪ್ಪ ಮಾಸನಿಗೆ ಬಾಯಲ್ಲಿ ಹೇಳಿದ. ಮಾಸ ಕೇಳಿದ.

ಆಮೇಲೆ ಎರಡು ಚೀಲ ಮರಳು ತಂದು ಚೌಕಟ್ಟಿನ ಮೇಲೆ ಕಟ್ಟಿದ್ದಾಯಿತು. ಜೀಪು ಜಗ್ಗಿದ ಏಟಿಗೆ ಹಗ್ಗ ಸಡಿಲವಾಗಿ ಒಂದು ಚೀಲ ಮುಂದಕ್ಕೆ ಬಿತ್ತು. ತಟ್ಟೆಕುಂಟೆ ಅವತ್ತು ಮೊದಲು ಶುಚಿಯಾಗಿ ಕಡಿದದ್ದು ಆ ಚೀಲವನ್ನು. ನಾಲ್ಕು ಸೀಳು, ಅಳತೆ ಹಿಡಿದು ಕೊಯ್ದಂತೆ ಸಮನಾಗಿ. ಮನೆಯ ಹಿತ್ತಲಿನ ಒಗೆಯುವ ಕಲ್ಲನ್ನು ಇಬ್ಬರೂ ಸೇರಿ ಜೀಪಿಗೇರಿಸಿ ತಂದರು. ಅದು ಹತ್ತು ಮಾರು ದೂರ ಕುಳಿತು, ಜಾರಿ, ಒಂದು ತಟ್ಟೆಯ ಅಂಚನ್ನು ಮುಕ್ಕಾಗಿಸಿತು. ಕಟ್ಟಲು ಒಂದು ಪೆಟ್ಟಿಗೆ ಬೇಕು, ಪೆಟ್ಟಿಗೆಗೆ ಬೆಸುಗೆ ಬೇಕು, ಹೊಳಲ್ಕೆರೆಗೆ ಹೋಗಿ ಬಂದರೆ ಹಗಲು ಮುಗಿಯುತ್ತದೆ. ಇವತ್ತು ಜಯಕುಮಾರನ ಅಂಗಡಿಗೆ ವಾರದ ರಜ ಬೇರೆ. ಓಬಳೇಶ ಜೀಪಿನ ನೆರಳಿನಲ್ಲಿ ನಿಂತು ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿದ, ಒರೆಸಿದ್ದನ್ನು ನೋಡಿ ಮತ್ತೆ ಕೊಡವಿದ. ಹತ್ತೂಮುಕ್ಕಾಲು. ಈಗ ಮೂರನೆಯ ಪೀರಿಯಡ್ಡು. ಯಾರೋ ಹುಡುಗಿ ಲೋಲಕದ ಇಪ್ಪತ್ತು ಆಂದೋಲನ ಎಣಿಸುತ್ತ ಹತ್ತೊಂಬತ್ತಕ್ಕೇ ಗಡಿಯಾರ ಒತ್ತುತ್ತಿರಬಹುದು. ಎಲ್ಲರೂ ಸ್ವಲ್ಪ ಬೇಗ ಒತ್ತುತ್ತಾರೆ, ಉತ್ತರ ಬಂದುಬಿಡಲಿ ಅನ್ನುವ ಆತುರಕ್ಕೆ. ಮುದ್ದಪ್ಪನ ಕಾಲು ಹಿಡಿದರೆ? ಹಿಡಿಯಬಹುದು. ಆದರೆ ಮುದ್ದಪ್ಪನ ಕಾಲು ಹಿಡಿಯುವುದಕ್ಕೆ ಮುಂಚೆ ಅವನು ಒಂದು ವಾಕ್ಯ ಹೇಳಬೇಕಾಗುತ್ತದೆ, ‘ನನ್ ಲೆಕ್ಕ ತಪ್ಪಿತು’ ಎಂದು. ಆ ವಾಕ್ಯವನ್ನು ಅವನು ನಾಲಗೆಯ ಮೇಲೆ ಒಂದೆರಡು ಸಲ ಇಟ್ಟು ನೋಡಿದ, ನುಂಗಿದ.

“ಎಷ್ಟು ಭಾರ ಬೇಕಲೇ ಅದಕ್ಕೆ?” ತಿಪ್ಪಮ್ಮ ಹತ್ತಿರ ಬಂದು ಕೇಳಿದಳು.

“ಇನ್ನೊಂದು ಐವತ್ತು ಕೆ.ಜಿ. ಇದ್ರೆ ಸಾಕಕ್ಕ. ಆದ್ರೆ ಅಲ್ಲಾಡಬಾರ್ದು.”

“ನಾನ್ ಎಷ್ಟಿದೀನಿ?”

ಅವಳು ನಗುತ್ತಿದ್ದಳು. “ಕುಂಟೆ ಹೊಡ್ಯಾಗ ಅಪ್ಪ ನನ್ನೇ ಅಲ್ವೇನೋ ದಿಂಡಿನ ಮ್ಯಾಲೆ ಕೂರಿಸ್ತಿದ್ದದ್ದು? ನಾ ಅಳ್ತಿರ್ಲಿಲ್ಲ. ನೀನು ಅಳ್ತಿದ್ದೆ, ಅದ್ಕೆ ನಿನ್ ಜಾಗದಾಗೆ ಕಲ್ಲಿಡ್ತಿದ್ರು.” ಅದು ನಿಜ. ಈ ಕಡೆ ಎಲ್ಲರೂ ಮಾಡುವುದೇ: ಕುಂಟೆ ಆಳಕ್ಕೆ ಇಳಿಯಲು ಅದರ ಮರದ ದಿಂಡಿನ ಮೇಲೆ ಒಬ್ಬರು ಕೂರುತ್ತಾರೆ, ಇಲ್ಲವೇ ಹೊಡೆಯುವವನೇ ಹತ್ತಿ ನಿಲ್ಲುತ್ತಾನೆ. ಕುಂಟೆಯ ಕೆಳಗಿರುವುದು ಒಂದು ಅಲಗು, ಅದು ನೆಲದೊಳಗೆ ಹುದುಗಿರುತ್ತದೆ. ಇದರ ಕೆಳಗೆ ಎಂಟು ತಿರುಗುತ್ತವೆ. ಅವನು ಅದನ್ನು ಹೇಳಬೇಕೆಂದಿದ್ದ. ಆದರೆ ಅದಕ್ಕೂ ಮುಂಚೆ, ಭಯ ಇನ್ನೂ ಹುಟ್ಟುವ ಮುಂಚೆ, ಅವನ ತಲೆಯೊಳಗೆ ಒಂದು ಅಂಕಿ ಶಾಂತವಾಗಿ ಬಂದು ಕೂತಿತ್ತು: ಐವತ್ತೆರಡು. ಹೋದ ತಿಂಗಳು ಸರ್ಕಾರಿ ಆಸ್ಪತ್ರೆಯಲ್ಲಿ ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದಾಗ ಬಂದದ್ದು. ಸಾಕು. ಎರಡು ಕೆ.ಜಿ. ಹೆಚ್ಚೇ. ಆ ಅಂಕಿ ಬಂದಾಗ ಆದದ್ದು ಸಮಾಧಾನ, ಅದರಲ್ಲಿ ಅನುಮಾನವಿರಲಿಲ್ಲ. ಅದು ಕ್ಷಣವೊಂದರ ಮಾತು; ಅದರ ಹಿಂದೆಯೇ ಭಯ, ನಾಚಿಕೆ, ‘ಬ್ಯಾಡಕ್ಕ’ ಅನ್ನುವ ಮಾತು ಎಲ್ಲವೂ ಸಾಲಾಗಿ ಬಂದವು, ತಡವಾಗಿ ಬಂದ ಹುಡುಗರು ತರಗತಿಯ ಬಾಗಿಲಲ್ಲಿ ನಿಲ್ಲುವ ಹಾಗೆ. “ಬ್ಯಾಡಕ್ಕ,” ಅಂದ. “ಹಂಗಂದ್ರೆ ಬಿಡು, ಮನಿಗೆ ಹೋಗಾಣ,” ಅಂದಳು ಅವಳು. ಇಬ್ಬರೂ ಕದಲಲಿಲ್ಲ. ಆಮೇಲೆ ಅವನು ಜೀಪಿನೊಳಗಿನ ಹಲಗೆ ತೆಗೆದು ಚೌಕಟ್ಟಿಗೆ ಅಡ್ಡಲಾಗಿ ಇಟ್ಟು, ನಾಲ್ಕು ಕಡೆ ತಂತಿ ಬಿಗಿದ. ಎರಡು ಸಲ ಎಳೆದು ಪರೀಕ್ಷಿಸಿದ. ಬಿದ್ದರೆ ಹಿಂದಕ್ಕೆ ಬೀಳಬೇಕು, ತಟ್ಟೆಗಳು ಮುಂದಕ್ಕೆ ಹೋಗಿರುತ್ತವೆ. ಆದ್ದರಿಂದ ಹಿಂದಕ್ಕೆ ಮುಖ ಮಾಡಿ ಕೂರಬೇಕು, ಕಾಲು ಹಿಂದಕ್ಕೆ ಇಳಿಬಿಡಬೇಕು, ಎರಡೂ ಕೈಯಲ್ಲಿ ಹಲಗೆ ಹಿಡಿಯಬೇಕು. ಎಲ್ಲವನ್ನೂ ವಿವರವಾಗಿ ಹೇಳಿದ. ತಿಪ್ಪಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಲಗೆಗೆ ಕೈಮುಟ್ಟಿ ಕಣ್ಣಿಗೊತ್ತಿಕೊಂಡು ಕೂತಳು. “ಏನಾರ ಆದ್ರೆ ಕೂಗಕ್ಕ.” “ಹೂಂ, ನಡಿ.”

ಮಣ್ಣು ತೆರೆಯಿತು. ಜೀಪು ಒಂದನೆಯ ಗೇರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ ಹೊರಟಿತು. ಇಂಜಿನ್ನಿನ ದನಿ ಇದ್ದಕ್ಕಿದ್ದಂತೆ ಆಳಕ್ಕೆ ಇಳಿಯಿತು, ಭಾರ ಹೊತ್ತವನು ಎದೆಯಿಂದ ಉಸಿರು ಬಿಡುವಂತೆ. ಓಬಳೇಶ ತಿರುಗಿ ನೋಡಿದ. ಎಂಟು ತಟ್ಟೆಗಳೂ ಅರ್ಧ ಮುಳುಗಿ, ಕೂಳೆ ಸಮೇತ ನೆಲವನ್ನು ಎತ್ತಿ, ಮಗುಚಿ, ಒಳಗಿನ ಕಪ್ಪು ತೇವವನ್ನು ಮೇಲಕ್ಕೆ ಹಾಕುತ್ತಿದ್ದವು. ಒಂದೇ ಏಟಿಗೆ ಐದಡಿ ಅಗಲ. ಎತ್ತಿನ ನೇಗಿಲು ಏಳೆಂಟು ಸಾಲು ಬರಬೇಕಾದ ಅಗಲ. ಮೊದಲ ಸುತ್ತು ಮುಗಿಸಿ ಮುದ್ದಪ್ಪನ ಬದುವಿನ ಪಕ್ಕದಲ್ಲಿ ಬರುವಾಗ ಬೇಕೆಂದೇ ಆ ಕಡೆ ನೋಡದೆ ಮುಂದೆ ನೋಡಿದ. ಮುದ್ದಪ್ಪ ಎತ್ತು ನಿಲ್ಲಿಸಿ ನೋಡುತ್ತಿದ್ದಾನೆಂದು ಕೆನ್ನೆಗೆ ತಿಳಿಯುತ್ತಿತ್ತು. ಎರಡನೆಯ ಸುತ್ತಿಗೆ ಅವನು ಮನಸ್ಸಿನಲ್ಲೇ ಮಾತಾಡತೊಡಗಿದ್ದ, ಸ್ಟಾಫ್ ರೂಮಿನಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ, ಮುಂದಿನ ವರ್ಷ ನಾಲ್ಕೂ ಮನೆಗಳ ಹೊಲದಲ್ಲಿ. ಮುಯ್ಯಿಗೆ ಜೀಪು. ಯಾಕಾಗಬಾರದು? ಇವತ್ತು ನನ್ನ ಜೀಪು ನಿನ್ನ ಹೊಲಕ್ಕೆ. ಆಗ ಹಿಂದೆ ಏನೋ ಕೀರಿತು. ಅಚ್ಚು ತಿರುಗುವ ಜಾಗಕ್ಕೆ ಬೇರಿಂಗು ಸಿಗದೆ ಜಾಲಿಯ ಮರದ ಬುಷ್ ಕೊರೆದು ಹಾಕಿದ್ದ, ಬಿಸಿಯಾದರೆ ಕೀರುತ್ತವೆ. ಎಣ್ಣೆ ಬಿಡಬೇಕು, ಈ ಸಾಲು ಮುಗಿಯಲಿ ಎಂದುಕೊಂಡ. ಮತ್ತೆ ಕೀರಿತು, ಈ ಸಲ ಉದ್ದಕ್ಕೆ. ನಿಲ್ಲಿಸಿದರೆ ಹದವಾಗಿ ಹಿಡಿದ ತಟ್ಟೆಗಳು ಮತ್ತೆ ಹಿಡಿಯುತ್ತವೋ ಇಲ್ಲವೋ. ಸಾಲು ಮುಗಿಯಲಿ. ಮೂರನೆಯ ಸಲ ಅದು ಕೀರಿದಾಗ ಅದರಲ್ಲಿ ಎರಡು ಸ್ವರಗಳಿದ್ದವು, ಮರ ಹಾಗೆ ಕೀರುವುದಿಲ್ಲ ಎಂದು ಅವನ ಕಿವಿಗೆ ಗೊತ್ತಾಗಿತ್ತು, ಮತ್ತು ಅವನು ಕಿವಿಯನ್ನು ನಂಬದೆ ಮುಂದಿನ ಬದುವನ್ನು ನೋಡುತ್ತ ಕಾಲನ್ನು ಅಲ್ಲೇ ಒತ್ತಿ ಹಿಡಿದಿದ್ದ. ಆಮೇಲೆ ಇಂಜಿನ್ನಿನ ದನಿ ಹಗುರಾಯಿತು. ಜೀಪು ಸಡಿಲಗೊಂಡು ಮುಂದಕ್ಕೆ ನುಗ್ಗಿತು. ಥೂ, ಮತ್ತೆ ಮೇಲೆದ್ದವು ತಟ್ಟೆಗಳು ಎಂದು ಅವನಿಗೆ ಸಿಟ್ಟು ಬಂತು. ಭಾರ ಹೋಯಿತು ಎಂಬುದು ಮೊದಲು ಹೊಳೆಯಿತು. ಆ ಭಾರ ಯಾರು ಎಂಬುದು ಆಮೇಲೆ.

ತಿಪ್ಪಮ್ಮ ಹಿಂದೆ ಹತ್ತು ಮಾರು ದೂರದಲ್ಲಿ, ತೆರೆದ ಮಣ್ಣಿನ ನಡುವೆ ಕೂತಿದ್ದಳು. ಮೈಮೇಲೆ ರವಿಕೆ, ಲಂಗ. ಎರಡೂ ತೋಳುಗಳನ್ನು ಎದೆಗೆ ಅಡ್ಡ ಹಿಡಿದು, ಮೊಣಕಾಲು ಮಡಚಿ, ತನ್ನನ್ನು ತಾನೇ ಗಂಟು ಕಟ್ಟಿಕೊಂಡಂತೆ ಕೂತಿದ್ದಳು. ಸೀರೆ ಇವನ ಹಿಂದೆ ಇತ್ತು. ಬಲಗಡೆಯ ಅಚ್ಚಿನ ಎರಡನೆಯ ಮೂರನೆಯ ತಟ್ಟೆಗಳ ನಡುವೆ ಹಸಿರು ಉಂಡೆಯಾಗಿ ಸುತ್ತಿಕೊಂಡಿತ್ತು, ಅದರ ತುದಿಯೊಂದು ನೆಲದ ಮೇಲೆ ಎಳೆದುಕೊಂಡು ಬಂದಿತ್ತು. ಅವನು ಜೀಪಿನಿಂದ ಹಾರಿದ. ಓಡಬೇಕೆಂದಿದ್ದವನು ನಿಂತ. ಅಕ್ಕನ ಕಡೆ ಆ ಸ್ಥಿತಿಯಲ್ಲಿ ಹೇಗೆ ಓಡುವುದೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಮುದ್ದಪ್ಪ ಬದು ದಾಟಿ ಬರುತ್ತಿದ್ದ, ಮುಖವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿ, ಕುರುಡನಂತೆ ಎಡವುತ್ತ, ಹೆಗಲ ಕಂಬಳಿಯನ್ನು ಕೈಯಲ್ಲಿ ಮುಂದಕ್ಕೆ ಚಾಚಿಕೊಂಡು. “ತಿಪ್ಪಕ್ಕ, ಹಿಡ್ಕ. ಹಿಡ್ಕಂಡ್ಯಾ? ಹೊದ್ಕ. ಹೊದ್ಕಂಡ್ಯಾ?” ಅವಳು ಹೊದ್ದುಕೊಂಡ ಮೇಲೆಯೇ ಅವನು ಮುಖ ತಿರುಗಿಸಿದ್ದು. ಪಾದದ ಮೇಲೊಂದು ತರಚು, ಸೊಂಟದಲ್ಲಿ ಸೀರೆ ಬಿಗಿದ ಕೆಂಪು ಬರೆ. ಅಷ್ಟೇ. ಅಷ್ಟೇ ಎಂದು ಮುದ್ದಪ್ಪ ಎರಡು ಸಲ ಹೇಳಿದ. “ಗಂಟು ಬಿಚ್ಚಿ ಹಿಂದಕ್ಕೆ ನೂಕ್ಕಂಡೆ ನೋಡು,” ಅಂದಳು ತಿಪ್ಪಮ್ಮ, ಮಗುವಿಗೆ ಹೇಳುವಂತೆ. “ಇಲ್ದಿದ್ರೆ ಒಳಿಕ್ಕೆ ಎಳ್ಕಂತಿತ್ತು.” ಆಮೇಲೆ ಓಬಳೇಶನನ್ನು ನೋಡಿದಳು. “ಕೂಗ್ದೆ ಕಣೋ. ಕೇಳ್ಲಿಲ್ವಾ?”

“ಇಲ್ಲಕ್ಕ.”

“ಇಂಜಿನ್ ಸದ್ದು. ಹೆಂಗ್ ಕೇಳ್ಸೀತು ಬಿಡು.”

ಮುದ್ದಪ್ಪ ಬೀಡಿಗಾಗಿ ಜೇಬು ತಡಕಿ, ಮರೆತು, ಕೈ ತೆಗೆದ. ಅವನ ಬಾಯಲ್ಲಿ ತಮಾಷೆ ಇರಲಿಲ್ಲ; ಅದನ್ನೇ ಓಬಳೇಶನಿಗೆ ತಡೆಯಲಾಗಲಿಲ್ಲ. “ತಿಪ್ಪಕ್ಕ, ನಂದು ಮಧ್ಯಾಹ್ನಕ್ಕೆ ಮುಗೀತೈತೆ. ಆಮ್ಯಾಲೆ ಎತ್ತು ಈ ಕಡಿಗೇ ಹೊಡೀತೀನಿ. ಸಣ್ಣತಿಮ್ಮಪ್ಪಂದೂ ಕರೀತೀನಿ. ಮೂರರಾಗೆ ಒಂದೆಕ್ರೆ ಆದ್ರೂ ಆಗ್ಲಿ. ಮುಯ್ಯಿ ಗಿಯ್ಯಿ ಏನೂ ಬ್ಯಾಡ.”

“ಮುಯ್ಯಿ ಇಲ್ದೆ ಯಾರ್ ಎತ್ತೂ ನನ್ ಹೊಲಕ್ಕೆ ಇಳಿಯಾದ್ ಬ್ಯಾಡ,” ಅಂದಳು ತಿಪ್ಪಮ್ಮ, ಕಂಬಳಿಯೊಳಗಿಂದ. “ಕಳೆ ತೆಗ್ಯಾಕೆ ನಾನ್ ಬತ್ತಿನಿ. ಎತ್ತಿನ ಒಂದಿನಕ್ಕೆ ಮೂರಾಳು. ಇವ್ನೂ ಬತ್ತಾನೆ. ಭಾನುವಾರ ರಜ ಇರ್ತೈತೆ ಇವ್ನಿಗೆ.” ಮುದ್ದಪ್ಪ ಓಬಳೇಶನ ಪ್ಯಾಂಟನ್ನು ನೋಡಿ, ತಲೆಯಾಡಿಸಿ, “ಆತು,” ಅಂದ. ಇಬ್ಬರೂ ಸೇರಿ ತಟ್ಟೆಕುಂಟೆಯನ್ನು ಅಂಗಾತ ಮಗುಚಿದರು. ಎಂಟು ತಟ್ಟೆಗಳೂ ಗಾಳಿಯಲ್ಲಿ ನಿಂತವು. ಮುದ್ದಪ್ಪ ಎತ್ತಿನ ಕಡೆ ಹೋದ.

ಓಬಳೇಶ ಜೀಪಿನಿಂದ ಕುಡುಗೋಲು ತಂದ. “ಕೊಯ್ಬ್ಯಾಡ,” ಅಂದಳು ಅಕ್ಕ, ಬದುವಿನ ಮೇಲಿಂದ. “ಬಿಚ್ಚು. ಅಂಚು ಚೆನ್ನಾಗೈತೆ.” ಬಿಚ್ಚಬೇಕಾದರೆ ತಟ್ಟೆಗಳನ್ನು ಕೈಯಿಂದ ಹಿಂದಕ್ಕೆ ತಿರುಗಿಸಬೇಕು, ಒಂದು ಸುತ್ತಿಗೆ ಸೀರೆ ಒಂದು ಗೇಣು ಹೊರಬರುತ್ತಿತ್ತು, ಎಣ್ಣೆ ಮತ್ತು ಮಣ್ಣು ಮೆತ್ತಿಕೊಂಡು. ಅವನು ತಿರುಗಿಸಿದ. ಎಣಿಸಬೇಕೆಂದು ಎಣಿಸಲಿಲ್ಲ, ತಿರುಗುವುದೇನಾದರೂ ಕಣ್ಣಿಗೆ ಬಿದ್ದರೆ ಎಣಿಸುವುದು ಅವನ ಹತ್ತು ವರ್ಷದ ರೂಢಿ. ಹನ್ನೊಂದು, ಹನ್ನೆರಡು. ತಟ್ಟೆಯ ಒಂದು ಸುತ್ತೆಂದರೆ ನೆಲದ ಮೇಲೆ ನಾಲ್ಕೂವರೆ ಅಡಿ. ನಡಿಗೆಯ ವೇಗಕ್ಕೆ, ಸುತ್ತಿಗೆ ಒಂದು ಸೆಕೆಂಡು ಮೇಲೆ ಸ್ವಲ್ಪ. ಹತ್ತೊಂಬತ್ತು, ಇಪ್ಪತ್ತು. ಸೆರಗಿನ ತುದಿ ಹೊರಬಂದಾಗ ಇಪ್ಪತ್ತಾರಾಗಿತ್ತು. ಅವಳು ಕಳಚಿಕೊಂಡ ಮೇಲೆ ಸುತ್ತಿದ್ದೆಂದು ಅರ್ಧ ಬಿಟ್ಟರೂ ಹದಿಮೂರು. ಅಳತೆಯ ದೋಷ ಎಂದು ಇನ್ನೂ ಮೂರು ಕಳೆದರೆ ಹತ್ತು. ಹತ್ತು ಸೆಕೆಂಡು. ಅವನು ಗಡಿಯಾರದ ಮುಳ್ಳನ್ನು ನೋಡುತ್ತ ಹತ್ತು ಸೆಕೆಂಡು ಸುಮ್ಮನೆ ನಿಂತ. ಅದು ಮುಗಿಯಲೇ ಇಲ್ಲ. ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡು ಸಾಕು.

“ಏನ್ಲೇ, ಏನ್ ಎಣಿಸ್ತಾ ನಿಂತೆ?”

ಅವನು ಸೀರೆಯನ್ನು ಮಡಚಿದ. ಮಡಿಕೆಯ ಮೇಲೆ ಮಡಿಕೆ, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ, ಒಂದು ಕಡೆ ಸೊಟ್ಟವಾಗಿದ್ದನ್ನು ಬಿಚ್ಚಿ ಮತ್ತೆ ಮಡಚಿದ. ಬದುವಿನವರೆಗೆ ನಡೆದು ಬಂದ. ಅವಳ ಮುಂದೆ ನಿಂತು ಕೈ ಚಾಚಿ, ಬಿಡದೆ ಹಿಡಿದುಕೊಂಡೇ ಇದ್ದ.

“ಕೇಳ್ತು ಕಣಕ್ಕ,” ಅಂದ. “ನೀ ಕೂಗಿದ್ದು.”

ತಿಪ್ಪಮ್ಮ ಕಂಬಳಿಯೊಳಗಿಂದ ಒಂದು ಕೈ ಹೊರಗೆ ತೆಗೆದು ಸೀರೆಯನ್ನು ಅವನ ಕೈಯಿಂದ ಮೆಲ್ಲಗೆ ಎಳೆದುಕೊಂಡಳು.

“ಗೊತ್ತೈತೆ ಕಣೋ,” ಅಂದಳು. “ಆ ಕಡಿಗ್ ತಿರುಗು, ಉಟ್ಕಂತೀನಿ.”